ನಿಂಬೆಗೆ ನೀರು ನಿಲ್ಲಿಸುವ ತಿಂಗಳು

ಬಾಡಿದ ನಿಂಬೆ ಎಲೆಗೆ ಒಂದು ವಾಸನೆಯಿದೆ. ಹಸಿ ಎಲೆಯನ್ನು ಬೆರಳಲ್ಲಿ ಹಿಸುಕಿದಾಗ ಬರುವ ಚುರುಕು ವಾಸನೆಯಲ್ಲ ಅದು. ಸ್ವಲ್ಪ ಕಹಿ, ಸ್ವಲ್ಪ ಒಗರು, ಹಳೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಂತೆ. ಒಂದೆರಡು ಗಿಡ ಬಾಡಿದರೆ ಮೂಗಿಗೆ ತಾಕುವುದಿಲ್ಲ. ಇಡೀ ತೋಟವೇ ನೀರಿಲ್ಲದೆ ಬಿಸಿಲಿಗೆ ನಿಂತಾಗ ಮಧ್ಯಾಹ್ನದ ಹೊತ್ತಿಗೆ ಮನೆಯ ಕಟ್ಟೆಯ ತನಕ ಬರುತ್ತದೆ. ಮೊನ್ನೆ ಬಂತು. ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ.

ತೋಟ ಈಗ ಮೊಮ್ಮಗನ ಕೈಯಲ್ಲಿದೆ. ಡಿಗ್ರಿ ಮುಗಿಸಿ ಬಂದವನು ಹುಣಸಗಿಯಲ್ಲಿ ಯಾರನ್ನೋ ಕೇಳಿಕೊಂಡು ಬಂದು ನನಗೆ ಪಾಠ ಹೇಳಿದ.

"ಅಮ್ಮಾ, ಒಂದ್ ತಿಂಗಳ ನೀರ ಪೂರಾ ಬಂದ್ ಮಾಡಬೇಕಂತ. ಗಿಡಕ್ಕ ಅಂಜಿಕಿ ಹತ್ತಬೇಕಂತ. ಆಮ್ಯಾಲ ನೀರ ಬಿಟ್ರ ಹೂವ ಹೆಂಗ್ ಬರ್ತದ ನೋಡು!"

ಫೋನಿನಲ್ಲಿ ಚಿತ್ರವನ್ನೂ ತೋರಿಸಿದ. ನನಗೆ ನಗು ಬಂತು. ಇದೇ ಮಾತನ್ನು ನನಗೆ ಕಲಿಸಿದವಳ ಹತ್ತಿರ ಫೋನೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ನಾನೂ ಆಗ ಅಕ್ಷರ ಕಂಡವಳಲ್ಲ. ಮುಂದೆ ನನ್ನ ಮಗ ಸಾಲೆಗೆ ಹೋಗತೊಡಗಿದಾಗ ಅವನ ಪಾಟಿಯ ಮೇಲೆ ಕದ್ದು ಕಲಿತವಳು. ಆ ಕಲಿಕೆಯನ್ನು ಈ ವಯಸ್ಸಿನಲ್ಲಿ ಆಕೆಯ ವಿಷಯ ಬರೆಯಲು ಬಳಸುತ್ತಿದ್ದೇನೆ. ಬರೆಯದೆ ಬಿಟ್ಟರೆ ಹೇಳುವವರು ಇನ್ನಾರೂ ಉಳಿದಿಲ್ಲ.

ನಮ್ಮೂರು ಸುರಪುರದಿಂದ ತಿಂಥಣಿಗೆ ಹೋಗುವ ದಾರಿಯಲ್ಲಿ, ಕೃಷ್ಣೆಗೆ ಹತ್ತಿರ ಇದೆ. ನಾನು ಇಲ್ಲಿಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮನ ಆಳ್ವಿಕೆ. ಊರು ಜಹಗೀರಿಗೆ ಸೇರಿತ್ತು. ಹೊಲ, ಬಾವಿ, ಹುಣಸೆ ಮರ, ಎಲ್ಲದಕ್ಕೂ ಕೊನೆಯ ಮಾತು ಜಹಗೀರದಾರರ ದೇವಡಿಯದು, ಅವರ ಕೋಟೆಯಂಥ ಮನೆಯದು. ನಮ್ಮ ಮನೆಗೆ ಒತ್ತಿಕೊಂಡೇ ಒಂದು ಚಿಕ್ಕ ಮಣ್ಣಿನ ಮನೆಯಿತ್ತು, ಅದರ ಹಿಂದೆ ಮೆಟ್ಟಿಲು ಬಾವಿ, ಬಾವಿಯ ಸುತ್ತ ಒಂಬತ್ತು ನಿಂಬೆ ಗಿಡ. ಗಿಡಕ್ಕೂ ಮನೆಗೂ ಒಬ್ಬಳೇ ಯಜಮಾನಿ. ಊರವರು ಆಕೆಯನ್ನು ತ್ವಾಟದಾಕಿ ಎನ್ನುತ್ತಿದ್ದರು. ನಾನು ಆಯಿ ಎನ್ನುತ್ತಿದ್ದೆ.

ಆಯಿಯ ಗಂಡ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಒಂದು ಸಲ ಹೊಳೆ ತುಂಬಿ ಬಂದಾಗ ದೇವಡಿಯ ಹೆಣ್ಣುಮಕ್ಕಳನ್ನು ದಾಟಿಸಿ ತಂದನಂತೆ. ಅದರ ಖುಷಿಗೆ ಬಾವಿಯ ಸುತ್ತಲಿನ ನೆಲವನ್ನು ಅವನ ಸುಪರ್ದಿಗೆ ಕೊಟ್ಟರು. ಕಾಗದ ಇಲ್ಲ, ಬಾಯಿಮಾತು. ಕರಾರು ಒಂದೇ: ಯುಗಾದಿಯ ನಂತರ ಮಳೆ ಬೀಳುವ ತನಕ ವಾರಕ್ಕೊಮ್ಮೆ ಎರಡು ಬುಟ್ಟಿ ನಿಂಬೆಹಣ್ಣು ದೇವಡಿಗೆ ಮುಟ್ಟಬೇಕು. ಅಲ್ಲಿ ಶರಬತ್ತಿಗೆ. ಗಂಡ ಸತ್ತ ಮೇಲೂ ಆಯಿ ಆ ಕರಾರನ್ನು ಒಂದು ಬೇಸಿಗೆಯೂ ತಪ್ಪಿಸಿರಲಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ಆ ಒಂಬತ್ತು ಗಿಡವೇ ಅನ್ನ. ಉಳಿದ ಹಣ್ಣನ್ನು ಸುರಪುರದ ಸಂತೆಯಲ್ಲಿ ಮಾರಿ ವರ್ಷದ ಜೋಳ ತರುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ನಿಂಬೆ ಗಿಡ ತನ್ನಿಚ್ಛೆಗೆ ಬಿಟ್ಟರೆ ಮಳೆಗಾಲದಲ್ಲಿ ಕೈತುಂಬ ಕೊಡುತ್ತದೆ, ಯಾರಿಗೂ ಬೇಡವಾದಾಗ. ನೆತ್ತಿ ಸುಡುವ ಬಿಸಿಲಲ್ಲಿ, ಎಲ್ಲರೂ ನಿಂಬೆಯ ಒಂದು ಹೋಳಿಗಾಗಿ ಕೈಚಾಚುವಾಗ, ಅದರ ಹತ್ತಿರ ಮುಳ್ಳು ಬಿಟ್ಟರೆ ಏನೂ ಇರುವುದಿಲ್ಲ. ಬೇಸಿಗೆಯಲ್ಲಿ ಹಣ್ಣು ಬೇಕೆಂದರೆ ಚಳಿಗಾಲದಲ್ಲಿ ಗಿಡವನ್ನು ಒಣಗಿಸಬೇಕು. ದೀಪಾವಳಿ ಕಳೆದ ಮೇಲೆ ನೀರು ನಿಲ್ಲಿಸಿ, ಎಲೆ ಮಡಚಿ ಅರ್ಧ ಉದುರುವ ತನಕ ಕಲ್ಲಾಗಿ ನೋಡುತ್ತಿರಬೇಕು. ಎಳ್ಳಮಾವಾಸ್ಯೆಯ ಹೊತ್ತಿಗೆ ಬೇರು ಬಿಡಿಸಿ, ಕುರಿ ಹಿಕ್ಕೆ ಹಾಕಿ, ಒಮ್ಮೆಲೇ ನೀರು ಕೊಟ್ಟರೆ ಕೊಂಬೆ ಕಾಣದಂತೆ ಹೂ ಬರುತ್ತದೆ. ಇದನ್ನು ಈಗ ಹೇಳುವುದು ಸುಲಭ. ಆಗ ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ.

ನನ್ನ ತವರು ಶಹಾಪುರದ ಆಚೆ, ಗುಡ್ಡದ ಬುಡದ ಒಣ ಊರು. ಕುರಿ ಕಾಯುವ ಮನೆತನ. ಅಲ್ಲಿ ನೀರು ಸಿಕ್ಕರೆ ಮೊದಲು ಮರಿಗಳಿಗೆ, ಆಮೇಲೆ ಮುದುಕರಿಗೆ, ಉಳಿದದ್ದು ನಮಗೆ. ಬಾಡಿದ್ದು ಏನೇ ಕಂಡರೂ ಅದಕ್ಕೊಂದು ಬೊಗಸೆ ನೀರು ಹಾಕಿಯೇ ಮುಂದೆ ಹೋಗಬೇಕು ಎಂದು ನನ್ನವ್ವ ನನಗೆ ಕಲಿಸಿದ್ದಳು. ಆ ಬುದ್ಧಿ ಕಟ್ಟಿಕೊಂಡೇ ನಾನು ಗಂಡನ ಮನೆಗೆ ಬಂದೆ. ಜೊತೆಗೆ ಒಂದು ತಾಮ್ರದ ಕೊಡ. ದಾರಿಯಲ್ಲಿ ಬಂಡಿಯಿಂದ ಉರುಳಿ ಬಿದ್ದು ಅದರ ತಳದ ಅಂಚು ಒಂದು ಕಡೆ ನೆಗ್ಗಿಹೋಗಿತ್ತು. ಅತ್ತೆ ಬಂದ ದಿನವೇ ಅದನ್ನು ಗುರುತಿಸಿ, "ಸೊಸಿ ಬರೂದಕಿಂತ ಮೊದಲ ಸೊಸಿ ಕೊಡ ಅಡ್ಡ ಬಿತ್ತು" ಎಂದು ಓಣಿಗೆಲ್ಲ ಹೇಳಿ ನಗಿಸಿದ್ದಳು.

ನಾನು ಬಂದ ಎರಡನೆಯ ಚಳಿಗಾಲ. ಗೌರಿ ಹುಣ್ಣಿಮೆ ಮುಗಿಸಿ ಆಯಿ ವನದುರ್ಗಕ್ಕೆ ಹೊರಟಳು. ತಂಗಿಯ ಮಗಳ ಬಾಣಂತನ. ವರ್ಷದಲ್ಲಿ ಆಕೆ ಊರು ಬಿಡಬಹುದಾದದ್ದು ಆ ಒಂದು ತಿಂಗಳು ಮಾತ್ರ, ಗಿಡಕ್ಕೆ ನೀರು ಹೊರುವ ಕೆಲಸ ಇಲ್ಲದ ತಿಂಗಳು. ಹೋಗುವಾಗ ನಮ್ಮ ಕಟ್ಟೆಗೆ ಬಂದು ಅತ್ತೆಗೆ ಹೇಳಿದಳು:

"ತಂಗೀ, ಆಡು ಹೊಗದಂಗ ನೋಡ್ಕೋರಿ, ಅಷ್ಟ ಸಾಕು. ಮತ್ತೇನ್ ಕೆಲಸಿಲ್ಲ ಅಲ್ಲಿ."

ಆಡು ಕಾಯುವ ಕೆಲಸ ಅತ್ತೆಯಿಂದ ನನಗೆ ಇಳಿಯಿತು. ಮಧ್ಯಾಹ್ನ ಬಾವಿಗೆ ನೀರಿಗೆ ಹೋದಾಗ ಬೇಲಿಯ ಸುತ್ತ ಒಂದು ಸುತ್ತು ಹಾಕಿ ಬರಬೇಕು. ಮೊದಲ ಎರಡು ವಾರ ನನಗೆ ಏನೂ ಅನ್ನಿಸಲಿಲ್ಲ. ಮೂರನೆಯ ವಾರ ಗಿಡಗಳನ್ನು ಸರಿಯಾಗಿ ನೋಡಿದೆ. ಎಲೆಗಳು ಒಳಗೆ ಮಡಚಿಕೊಂಡಿದ್ದವು, ತುದಿ ಹಳದಿಯಾಗಿದ್ದವು. ಬುಡದ ಮಣ್ಣು ಕೈಬೆರಳು ಹೋಗುವಷ್ಟು ಬಿರಿದಿತ್ತು. ಗಾಳಿಯಲ್ಲಿ ಆ ಕಹಿ ವಾಸನೆ. ಪಕ್ಕದಲ್ಲೇ ಬಾವಿ, ಬಾವಿಯಲ್ಲಿ ನೀರು, ನನ್ನ ಸೊಂಟದ ಮೇಲೆ ತುಂಬಿದ ಕೊಡ… ಮುದುಕಿ ಬಾಣಂತನದ ಗಡಿಬಿಡಿಯಲ್ಲಿ ಗಿಡಕ್ಕೆ ನೀರು ಹಾಕುವುದನ್ನೇ ಮರೆತಿದ್ದಾಳೆ ಎಂದುಕೊಂಡೆ. ಅತ್ತೆಯನ್ನು ಕೇಳಬಹುದಿತ್ತು. ಆದರೆ ಅತ್ತೆಯನ್ನು ಏನಾದರೂ ಕೇಳಿದರೆ ಅದು ಸಂಜೆಯೊಳಗೆ ಓಣಿಯ ನಗೆಯಾಗುತ್ತಿತ್ತು. ಕೊಡ ಇಳಿಸಿ ಮೊದಲ ಗಿಡದ ಬುಡಕ್ಕೆ ಬಗ್ಗಿಸಿದೆ. ಮಣ್ಣು ಗಟಗಟ ಕುಡಿಯಿತು.

ಹದಿನಾರು ದಿನ ಹಾಕಿದೆ. ಮನೆಗೆ ನಾಲ್ಕು ಕೊಡ ಹೊತ್ತರೆ ಗಿಡಗಳಿಗೆ ಆರು. ಇವತ್ತು ಮೂರು ಗಿಡ, ನಾಳೆ ಮೂರು. ತಡವಾಗಿ ಬಂದದ್ದಕ್ಕೆ ಅತ್ತೆ, "ಬಾವ್ಯಾಗ ನೀರ ಹುಟ್ಟೂತನಕ ಕಾಯಾಕತ್ತಿದ್ದೇನು?" ಎಂದು ಬೈದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಭುಜ ನೋಯುತ್ತಿತ್ತು, ಆದರೆ ಒಳಗೊಳಗೇ ಖುಷಿ. ಹತ್ತನೆಯ ದಿನದ ಹೊತ್ತಿಗೆ ಗಿಡಗಳು ತಲೆಯೆತ್ತಿದವು. ಆಮೇಲೆ ಕೊಂಬೆಯ ತುದಿಗಳಲ್ಲಿ ಕೆಂಪು ಛಾಯೆಯ ಎಳೆ ಚಿಗುರು, ಎಣ್ಣೆ ಸವರಿದಂತೆ. ಸುಳ್ಳು ಯಾಕೆ ಹೇಳಲಿ, ಕರುಣೆ ಒಂದೇ ಆಗಿದ್ದರೆ ಅಷ್ಟು ನೀರು ಹೊರುತ್ತಿರಲಿಲ್ಲ. ಆಯಿ ಬಂದು ಎಲ್ಲರೆದುರು ನನ್ನನ್ನು ಶಾಣ್ಯಾಕಿ, ಜಾಣೆ, ಎನ್ನಬೇಕೆಂಬ ಆಸೆ ಇತ್ತು. ಆ ಮನೆಯಲ್ಲಿ ನನಗೆ ಆ ಮಾತು ಇನ್ನೂ ಯಾರೂ ಹೇಳಿರಲಿಲ್ಲ.

ಎಳ್ಳಮಾವಾಸ್ಯೆಗೆ ವಾರವಿದ್ದಾಗ ಆಯಿ ಬಂದಳು. ಗಂಟನ್ನು ತಲೆಯಿಂದ ಇಳಿಸದೆ ನೇರ ತೋಟಕ್ಕೆ ಹೋದಳು. ನಾನು ಹಿತ್ತಲ ಗೋಡೆಯ ಹಿಂದೆ ನಿಂತು ಇಣುಕುತ್ತಿದ್ದೆ, ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು. ಆಕೆ ಮೊದಲ ಗಿಡದ ಮುಂದೆ ನಿಂತಳು. ಆಮೇಲೆ ಎರಡನೆಯದರ ಮುಂದೆ. ಒಂಬತ್ತನ್ನೂ ನೋಡಿ ಬಂದು ಗಂಟಿನ ಸಮೇತ ಅಲ್ಲೇ ಕುಕ್ಕರಿಸಿ ಕೂತಳು. ಒಂದು ಚಿಗುರು ಮುರಿದು ಮೂಸಿ ನೋಡಿದಳು. ಅಷ್ಟರಲ್ಲಿ ಅತ್ತೆ ಬೇಲಿಯ ಹತ್ತಿರ ಬಂದಳು.

"ಮಳಿ ಏನರ ಆಗಿತ್ತೇನು ತಂಗೀ?"

"ಎಲ್ಲೀ ಮಳಿ ಯಕ್ಕಾ? ಹನಿ ಉದುರಿಲ್ಲ. ಯಾಕ, ಗಿಡ ಚಲೋ ಹಸರಾಗ್ಯಾವಲ್ಲ!"

"ಹಸರಾಗ್ಯಾವ" ಎಂದಳು ಆಯಿ. "ಅದಕ್ಕ ಕೇಳ್ದೆ. ಹಸರಾದ್ರ ಎಲಿ ಬರ್ತದ, ಹೂವ ಬರಂಗಿಲ್ಲ. ಈ ಬ್ಯಾಸಿಗಿ ಹಣ್ಣಿಲ್ಲ ತಂಗೀ."

ನನಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಅಯ್ಯ, ದೇವಡಿಗೆ ಏನ್ ಕೊಡ್ತೀ ಮತ್ತ?" ಎಂದಾಗ ಅರ್ಥವಾಯಿತು. ಹೊರಗೆ ಬಂದು ಹೇಳಬೇಕಿತ್ತು. ಗೋಡೆಯ ಹಿಂದೆಯೇ ನಿಂತೆ.

ಅತ್ತೆ ಒಳಗೆ ಹೋದ ಮೇಲೂ ಆಯಿ ಅಲ್ಲೇ ಇದ್ದಳು. ನೆಲ ನೋಡುತ್ತಿದ್ದಳು. ಹಿಂದಿನ ದಿನ ನೀರು ಹಾಕಿದ್ದ ಗಿಡಗಳ ಬುಡ ಇನ್ನೂ ಹಸಿಯಾಗಿತ್ತು. ಭಾರಕ್ಕೆ ಕೊಡವನ್ನು ನಾನು ಕೆಳಗಿಟ್ಟು ಬಗ್ಗಿಸುತ್ತಿದ್ದೆ; ಹಸಿ ಮಣ್ಣಿನಲ್ಲಿ ಅದರ ತಳದ ಗುಂಡನೆಯ ಗುರುತು ಮೂಡಿತ್ತು, ಒಂದು ಕಡೆ ನೆಗ್ಗಿದ್ದು. ಓಣಿಯಲ್ಲಿ ಆ ನೆಗ್ಗು ಯಾರ ಕೊಡದ್ದೆಂದು ಗೊತ್ತಿಲ್ಲದವರು ಯಾರಿದ್ದರು? ಆಯಿ ಎದ್ದಳು. ನಮ್ಮ ಹಿತ್ತಲ ಕಡೆ ಒಮ್ಮೆ ನೋಡಿದಳು. ಆಮೇಲೆ ಪಾದದಿಂದ ಆ ಗುರುತನ್ನು ತಿಕ್ಕಿ ಅಳಿಸಿದಳು. ಪಕ್ಕದ ಗಿಡದ ಬುಡದಲ್ಲಿದ್ದುದನ್ನೂ ಅಳಿಸಿದಳು. ಗಂಟು ಎತ್ತಿಕೊಂಡು ಮನೆಯೊಳಗೆ ಹೋದಳು.

ಮುಂದಿನ ತಿಂಗಳುಗಳಲ್ಲಿ ಆಯಿ ಮಾಡದ ಪ್ರಯತ್ನ ಇಲ್ಲ. ಹೊಸದಾಗಿ ನೀರು ನಿಲ್ಲಿಸಿ ನೋಡಿದಳು. ಬೇರಿನ ಮಣ್ಣು ತೆಗೆದು ಸಣ್ಣ ಬೇರುಗಳನ್ನು ಕುಡಗೋಲಿನಿಂದ ಕೊಯ್ದಳು, ಬೂದಿ ಹಾಕಿದಳು. ಶಿವರಾತ್ರಿಯ ನಂತರ ನೀರು ಕೊಟ್ಟಾಗ ಒಂದಷ್ಟು ಹೂವೇನೋ ಬಂತು. ಆದರೆ ಹೊತ್ತು ಮೀರಿತ್ತು. ಹೂವು ಮಿಡಿಯಾಗುವ ಮೊದಲೇ ಬಿಸಿಲು ಬಂದು ಎಲ್ಲವನ್ನೂ ಉದುರಿಸಿತು. ಬುಡದಲ್ಲಿ ಬಿಳಿಯ ಹೂ ರಾಶಿಯಾಗಿ ಬೀಳುತ್ತಿದ್ದವು. ನಾನು ನೀರಿಗೆ ಹೋದಾಗ ಅವುಗಳ ಮೇಲೆ ಕಾಲಿಡದಂತೆ ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಆಯಿ ನನ್ನ ಜೊತೆ ಎಂದಿನಂತೆಯೇ ಮಾತಾಡುತ್ತಿದ್ದಳು. ಉಂಡಿಯಾ ಎನ್ನುವಳು, ತವರಿನಿಂದ ಸುದ್ದಿ ಬಂತಾ ಎನ್ನುವಳು. ಒಮ್ಮೆಯಾದರೂ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಯುಗಾದಿ ಕಳೆದು ಎರಡು ವಾರಕ್ಕೆ ದೇವಡಿಯ ವಸೂಲಿಗೆ ತಿರುಗುವ ದಫೇದಾರ ಬಂದ. ಕೆಟ್ಟ ಮನುಷ್ಯನಲ್ಲ. ನಮ್ಮ ಕಟ್ಟೆಯ ಮೇಲೆ ಕೂತು, ಮಾವ ಕೊಟ್ಟ ಮಜ್ಜಿಗೆ ಕುಡಿದು, ಆಯಿಯನ್ನು ಕರೆಸಿದ. ನಾನು ಬಾಗಿಲ ಹಿಂದೆ ಇದ್ದೆ.

"ಬುಟ್ಟಿ ಎಲ್ಲಿ ಬಾಯಿ? ಎರಡು ವಾರ ಆತು, ಹಣ್ಣಿನ ಪತ್ತಾ ಇಲ್ಲ."

"ಈ ಸಲ ಹಣ್ಣಿಲ್ರಿ ಸಾಹೇಬ್ರ."

"ಯಾಕ? ಹದಿನೆಂಟು ವರ್ಷ ಇತ್ತು, ಈಗೇನಾತು?"

ಆ ಬಾಗಿಲಿಗೂ ಕಟ್ಟೆಗೂ ನಾಲ್ಕು ಹೆಜ್ಜೆ. ಆಯಿ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

"ತಪ್ಪು ನಂದ ರೀ. ವಯಸ್ಸಾತು. ಒಣಗಿಸೂ ಕಾಲಕ್ಕ ಮರ್ತು ನೀರ ಹಾಕ್ಬಿಟ್ಟೆ."

ದಫೇದಾರ ಗಡ್ಡ ಕೆರೆದುಕೊಂಡ. "ನೀ ಹೇಳೂದು ಖರೆ ಇರಬೇಕು. ಆದ್ರ ನಾ ಏನ್ ಮಾಡ್ಲಿ? ದೇವಡ್ಯಾಗ ಮುಂದಿನ ತಿಂಗಳ ಶಾದಿ ಅದ. ಹಣ್ಣು ಬ್ಯಾರೆ ಕಡಿಂದ ತರಸಾಕತ್ತಾರ, ಮ್ಯಾಲಿನವರಿಗೆ ಸಿಟ್ಟು ಬಂದದ. ಮರ್ತು ಹೋಗೋರ ಕೈಯಾಗ ತ್ವಾಟ ಇಡಬ್ಯಾಡ ಅಂದಾರ." ಆಮೇಲೆ ಮಾವನ ಕಡೆ ತಿರುಗಿದ. "ನಿನಗ ಮೂರು ಮಂದಿ ಗಂಡಮಕ್ಕಳು ಅದಾರ. ಬಾಜೂಕ ಇದ್ದೀ. ನೀ ಹಿಡಿ."

ಮಾವ ಗಾಬರಿಯಾದರು. ಪಕ್ಕದ ಮನೆಯವಳ ಅನ್ನ ಕಿತ್ತುಕೊಂಡವರೆಂಬ ಮಾತು ಬರುತ್ತದಲ್ಲ ಎಂದು ಏನೇನೋ ತಡವರಿಸಿದರು. ಆಗ ಆಯಿಯೇ ಹೇಳಿದಳು:

"ಹಿಡೀರಿ ತಮ್ಮಾ. ಯಾವನೋ ಗೊತ್ತಿಲ್ಲದವನ ಕೈಗಿ ಹೋಗೂದಕಿಂತ ನೀವ ಹಿಡದ್ರ ನನ್ನ ಕಣ್ಣ ಮುಂದರ ಇರ್ತಾವ. ಒಂದ ಮಾತು. ಗಿಡ ನೋಡ್ಕೊಳ್ಳಾಕ ನಿಮ್ಮ ಗಂಡಮಕ್ಕಳು ಬ್ಯಾಡ. ಸೊಸಿ ನೋಡ್ಕೊಳ್ಳಲಿ. ನಾ ಕಲಸ್ತೀನಿ."

ಅತ್ತೆಗೆ ಆಶ್ಚರ್ಯ. ಈ ಕುರಿಯವರ ಹುಡುಗಿಗೆ ಏನು ಬರುತ್ತದೆ ಎಂದಳು. ಆಯಿ ಎದ್ದು ಹೋದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನಾನು ಬಾಯಿ ಬಿಟ್ಟಿದ್ದರೆ ಆಗುತ್ತಿದ್ದದ್ದು ನನಗೆ ಗೊತ್ತಿತ್ತು: ನನ್ನನ್ನು ತವರಿಗೆ ಕಳಿಸುತ್ತಿದ್ದರು, ವರ್ಷವಾದರೂ ಕರೆಯಲು ಬರುತ್ತಿರಲಿಲ್ಲ. ಆಯಿಗೂ ಅದು ಗೊತ್ತಿತ್ತು. ಆದರೆ ತೋಟ ಆಕೆಗೆ ಉಳಿಯುತ್ತಿತ್ತೇನೋ… ಈ "ಏನೋ" ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ.

ಆಯಿ ಮಾತಿನಂತೆ ಕಲಿಸಿದಳು. ಕಾಯಿಯನ್ನು ಎಳೆದು ಕೀಳಬಾರದು, ಹಿಡಿದು ತಿರುವಬೇಕು. ಎಳೆದರೆ ತೊಟ್ಟಿನಲ್ಲಿ ಗಾಯವಾಗಿ ಕೊಳೆಯುತ್ತದೆ. ಮುಳ್ಳು ಚುಚ್ಚಿದ ಹಣ್ಣನ್ನು ಅಂದೇ ಉಪ್ಪಿಗೆ ಹಾಕಬೇಕು. ಬೀಜವನ್ನು ಒಣಗಲು ಬಿಡದೆ ಹಸಿಯಾಗಿರುವಾಗಲೇ ನೆಡಬೇಕು. ಗಿಡದ ಬುಡಕ್ಕೆ ನೇರ ನೀರು ಬಿಡಬಾರದು, ಒಂದು ಮೊಳ ದೂರ ಪಾತಿ ಮಾಡಬೇಕು. ನನ್ನ ತವರಿನಿಂದ ಕುರಿ ಹಿಕ್ಕೆ ಬಂಡಿಯಲ್ಲಿ ಬಂದಾಗ ಅದನ್ನು ಕೈಯಲ್ಲಿ ಹಿಡಿದು, "ನಿಮ್ಮಪ್ಪ ಚಿನ್ನ ಕಳಸ್ಯಾನ" ಎಂದಳು. ಕಲಿಸುವಾಗ ಆಕೆ ಬಹಳ ಒರಟು. ತಪ್ಪಿದರೆ ಮೊಣಕೈಗೆ ಒಂದು ಬೀಳುತ್ತಿತ್ತು.

ಮತ್ತೆ ದೀಪಾವಳಿ ಬಂತು, ನೀರು ನಿಲ್ಲಿಸಿದೆವು. ಎಲೆ ಮಡಚಿಕೊಂಡವು. ಆ ವಾಸನೆ ಬಂತು. ನನ್ನಿಂದ ತಡೆಯಲಾಗಲಿಲ್ಲ.

"ಆಯೀ, ಹ್ವಾದ ವರ್ಷ ನಾ…"

"ಆ ನಿನ್ನ ಕೊಡದ ನೆಗ್ಗು ಇನ್ನಾ ಹಂಗ ಅದ ಏನು?" ಎಂದಳು ಆಕೆ, ಗಿಡದಿಂದ ಕಣ್ಣು ತೆಗೆಯದೆ. "ಸುರಪುರದಾಗ ಕೊಟ್ಟು ಬಡಿಸ್ಕೋ. ನೀರ ಚೆಲ್ತದ."

ನಾನು ಅಳತೊಡಗಿದೆ. ಆಕೆ ಅಳಲು ಬಿಟ್ಟಳು, ಸಮಾಧಾನ ಮಾಡಲಿಲ್ಲ. ಒಂದು ಎಲೆ ಹರಿದು ನನ್ನ ಅಂಗೈಯಲ್ಲಿಟ್ಟಳು. ಎರಡೂ ಅಂಚು ಮೇಲೆದ್ದು ದೋಣಿಯ ಹಾಗಿತ್ತು.

"ಹಿಂಗಾಗಬೇಕು. ಇನ್ನಾ ಎಂಟು ದಿನ. ನೀರ ಹಾಕೂದು ಎಲ್ಲಾರಿಗೂ ಬರ್ತದವ್ವ. ಹಾಕದಂಗ ನಿಂದ್ರೂದು ಕಲಿ."

ಆ ಮುಂದಿನ ಬೇಸಿಗೆ ಒಂಬತ್ತೂ ಗಿಡ ಬಾಗುವಂತೆ ಹಣ್ಣು ಬಂದವು. ದೇವಡಿಗೆ ಬುಟ್ಟಿಗಳು ಹೋದವು. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಅತ್ತೆ ಓಣಿಯಲ್ಲಿ ನನ್ನನ್ನು ಹೊಗಳಿಕೊಂಡು ತಿರುಗಿದಳು.

ಆಮೇಲೆ ಆ ಗದ್ದಲದ ದಿನಗಳು, ಎಲ್ಲಿ ನೋಡಿದರೂ ಲೂಟಿ, ಬೆಂಕಿ. ಊರಿನ ಅರ್ಧ ಜನ ನಿಜಾಮನ ಸೀಮೆಯ ಗಡಿ ದಾಟಿ ತಾಳಿಕೋಟೆಯ ಕಡೆ ಹೋಗಿ ಕೆಲವು ತಿಂಗಳು ಕಳೆದು ಬಂದರು. ನಾವೂ ಹೋದೆವು. ಆಯಿ ಹೋಗಲಿಲ್ಲ, ಗಿಡ ಯಾರು ನೋಡ್ತಾರ ಎಂದು ಇಲ್ಲೇ ಉಳಿದಳು, ತನ್ನದಲ್ಲದ ಗಿಡಕ್ಕೆ. ನಾವು ಬರುವ ಹೊತ್ತಿಗೆ ನಿಜಾಮನ ಆಳ್ವಿಕೆ ಮುಗಿದಿತ್ತು. ಮುಂದೆ ಜಹಗೀರೂ ಹೋಯಿತು. ನೆಲ ಯಾರ ಕೈಯಲ್ಲಿದೆಯೋ ಅವರ ಹೆಸರಿಗೆ ಬರೆಯುತ್ತಾರೆ ಎಂದರು. ಕಾಗದದವರು ಬಂದು ಬಾವಿಯ ಕಟ್ಟೆಯ ಮೇಲೆ ಕೂತು ತೋಟವನ್ನು ಮಾವನ ಹೆಸರಿಗೆ ಬರೆದುಕೊಂಡು ಹೋದರು. ದಫೇದಾರ ಬಂದು ಹೋಗಿ ಎರಡು ಬೇಸಿಗೆ ಕಳೆದಿತ್ತು, ಅಷ್ಟೇ. ಎರಡು ಬೇಸಿಗೆ ಆ ತೋಟ ಆಕೆಯ ಕೈಯಲ್ಲಿ ಉಳಿದಿದ್ದರೆ ಸಾಯುವ ತನಕ, ಸತ್ತ ಮೇಲೂ, ಅದು ಆಕೆಯದೇ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆವತ್ತು ಆಯಿ ತನ್ನ ಮನೆಯ ಮುಂದೆ ಕೂತು ಆ ಕಾಗದದವರಿಗೆ ಕುಡಿಯಲು ಶರಬತ್ತು ಮಾಡಿಕೊಟ್ಟಳು. ಹಣ್ಣನ್ನು ನಮ್ಮ ಮನೆಯಿಂದ ಕೇಳಿ ತಂದಿದ್ದಳು.

ಆಕೆಗೆ ಜೋಳ, ಬೇಳೆ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಮಾವ ಆ ವಿಷಯದಲ್ಲಿ ಕೈಹಿಡಿತ ಮಾಡಲಿಲ್ಲ. ಹಣ್ಣಿನ ಕಾಲದಲ್ಲಿ ಬುಟ್ಟಿಯ ತುಂಬ ಒಯ್ದುಕೊಟ್ಟರೆ ಆಯಿ ಎರಡು ಹಣ್ಣು ಆರಿಸಿಕೊಂಡು ಬುಟ್ಟಿ ತಿರುಗಿಸಿ ಕೊಡುತ್ತಿದ್ದಳು. ಹೆಚ್ಚು ತಗೋ ಎಂದರೆ ಸಿಟ್ಟು.

ಒಂದು ಮಧ್ಯಾಹ್ನ ಇಬ್ಬರೂ ಆಕೆಯ ಮನೆಯ ಮುಂದೆ ಜೋಳ ಹಸನು ಮಾಡುತ್ತಾ ಕೂತಿದ್ದೆವು. ಭರಣಿ ಮಾರುವವನು ಕತ್ತೆಯ ಮೇಲೆ ಹೇರಿಕೊಂಡು ಬಂದ. "ತ್ವಾಟದಾಕೀ, ಭರಣಿ ಬೇಕೇನವ್ವ?" ಎಂದು ಕೂಗಿದ. ಇಬ್ಬರೂ ತಲೆ ಎತ್ತಿದೆವು. ಅವನು ನೋಡುತ್ತಿದ್ದದ್ದು ನನ್ನನ್ನು. ಆಯಿ ಒಂದು ಗಳಿಗೆ ಅವನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ಮೊರದಲ್ಲಿನ ಕಲ್ಲು ಆರಿಸತೊಡಗಿದಳು. "ತಗೋ, ದೊಡ್ಡದ ತಗೋ, ಈ ವರ್ಷ ಕಾಯಿ ಬಾಳ ಅದಾವ" ಎಂದಳು. ಆ ಭರಣಿ ಇನ್ನೂ ನಮ್ಮ ಮನೆಯಲ್ಲಿದೆ.

ಆಕೆ ಹೋದದ್ದು ಅದಾಗಿ ಐದಾರು ವರ್ಷಕ್ಕೆ, ಎಳ್ಳಮಾವಾಸ್ಯೆಗೆ ಮೊದಲು, ಗಿಡ ಒಣಗಿಸುವ ತಿಂಗಳಲ್ಲೇ. ನಾಲ್ಕು ದಿನ ಜ್ವರ. ನಾನು ಬಾವಿಯಿಂದ ನೀರು ತಂದು ಆಕೆಯ ಬಾಯಿಗೆ ಚಮಚೆಯಿಂದ ಬಿಡುತ್ತಿದ್ದೆ. ಕೊನೆಯ ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ಗುರುತಿಸಿ, ಕೊಡದ ಕಡೆ ನೋಡಿದಳು.

"ಗಿಡಕ್ಕ ನೀರ ಬಿಟ್ಟಿಲ್ಲಲ್ಲ ಇನ್ನಾ?"

"ಇಲ್ಲ ಆಯೀ. ಎಲಿ ಈಗ ಮಡಚಾಕತ್ತ್ಯಾವ."

"ಶಾಣ್ಯಾಕಿ" ಎಂದಳು.

ಎಷ್ಟು ವರ್ಷದ ಹಿಂದೆ ಆ ಮಾತಿಗಾಗಿ ಭುಜ ನೋಯುವಂತೆ ನೀರು ಹೊತ್ತಿದ್ದೆನೋ… ಅದು ಸಿಕ್ಕಿತು. ಸಿಕ್ಕಾಗ ಸಂತೋಷವಾಗಲಿಲ್ಲ.

ಆಕೆಯ ಒಂಬತ್ತು ಗಿಡಗಳಲ್ಲಿ ಈಗ ಒಂದೂ ಇಲ್ಲ. ಅವುಗಳ ಹಸಿ ಬೀಜದಿಂದ ನಾನು ಎಬ್ಬಿಸಿದ ಸಸಿಗಳು, ಅವುಗಳ ಬೀಜದಿಂದ ಮಗ ಎಬ್ಬಿಸಿದವು, ಹೀಗೆ ಸಾಲು ಬೆಳೆದಿದೆ. ಕಾಲುವೆ ನೀರು ಬಂದ ಮೇಲೆ ತೋಟ ಎರಡು ಎಕರೆಯಾಯಿತು. ಸುರಪುರ, ಹುಣಸಗಿಯ ಅಂಗಡಿಯವರು ಇದೇ ತೋಟದ ಹಣ್ಣು ಬೇಕೆಂದು ಕೇಳಿ ಒಯ್ಯುತ್ತಾರೆ. ನನ್ನನ್ನು ತ್ವಾಟದಾಕಿ ಎಂದು ಕರೆಯುತ್ತಿದ್ದವರೂ ಈಗ ಹೆಚ್ಚು ಉಳಿದಿಲ್ಲ.

ಮೊನ್ನೆ ಆ ವಾಸನೆ ಬಂದ ದಿನವೇ ಮೊಮ್ಮಗ ತಗಡಿನ ಹಲಗೆಯೊಂದನ್ನು ಹೊತ್ತು ತಂದ. ಹಸಿರು ಬಣ್ಣ ಬಳಿದಿತ್ತು. ರಸ್ತೆಗೆ ಕಾಣುವಂತೆ ತೋಟದ ಬಾಗಿಲಿಗೆ ಹಾಕಬೇಕಂತೆ. ನನ್ನ ಹೆಸರು ಬರೆಸುತ್ತೇನೆ ಎಂದ.

"ನನ್ನ ಹೆಸರು ಬ್ಯಾಡಪ್ಪ. ಇದು ನನ್ನ ತ್ವಾಟಲ್ಲ."

ಅವನು ನಕ್ಕ. ವಯಸ್ಸಾಗಿ ಏನೋ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಕೂಡಿಸಿಕೊಂಡು ಎಲ್ಲ ಹೇಳಿದೆ. ನೆಗ್ಗಿದ ಕೊಡ, ಹದಿನಾರು ದಿನ, ಬಾಗಿಲ ಹಿಂದೆ ನಿಂತದ್ದು, ಎಲ್ಲ. ಅವನ ಅಜ್ಜನಿಗೂ ಹೇಳಿರದ ಮಾತು. ಹೇಳಿ ಮುಗಿಯುವ ಹೊತ್ತಿಗೆ ಅವನ ಮುಖದಲ್ಲಿ ನಗು ಇರಲಿಲ್ಲ.

"ಹಂಗಾರ ಆಕಿ ಹೆಸರ ಬರಸ್ತೀನಿ ಅಮ್ಮಾ. ಏನ್ ಹೆಸರು ಆಕಿದು?"

ನಾನು ಬಾಯಿ ತೆರೆದೆ. ಆಯಿ. ತ್ವಾಟದಾಕಿ. ಅತ್ತೆ ಯಕ್ಕಾ ಎನ್ನುತ್ತಿದ್ದಳು. ದಫೇದಾರ ಬಾಯಿ ಎನ್ನುತ್ತಿದ್ದ. ವನದುರ್ಗದಿಂದ ಬಂದ ತಂಗಿಯೂ ಹೆಣದ ಮುಂದೆ ಯಕ್ಕಾ ಎಂದೇ ಅತ್ತಳು… ಹತ್ತು ವರ್ಷದ ಮೇಲೆ ಒಂದೇ ಗೋಡೆಯ ಆಚೀಚೆ ಇದ್ದೆ. ಆಕೆಯ ಕೈಯಿಂದ ಬದುಕು ಕಲಿತೆ, ಆಕೆಯ ಬದುಕನ್ನೇ ತೆಗೆದುಕೊಂಡೆ. ಹೆಸರು ಕೇಳಿರಲಿಲ್ಲ.

"ಗೊತ್ತಿಲ್ಲಪ್ಪ" ಎಂದೆ.

ಹಲಗೆ ಹಿತ್ತಲ ಗೋಡೆಗೆ ಒರಗಿದೆ. ಬಣ್ಣ ಒಣಗಿದೆ, ಮೇಲೆ ಅಕ್ಷರ ಇಲ್ಲ.